ಅಪಾರ್ಟ್‌ಮೆಂಟ್ ಎಸ್‌ಟಿಪಿ ಸ್ಲಡ್ಜ್‌ನಿಂದ ಗ್ಯಾಸ್ ಆಗ್ತದಾ?

ಬಿಜೈಯವ:
ನಮ್ದು 80 ಮನೆಯ ಅಪಾರ್ಟ್‌ಮೆಂಟ್, ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್, ಉಂಟು. ಅದ್ರಲ್ಲಿ ಉಳಿಯುವ ರಾಡಿ, ಸ್ಲಡ್ಜ್, ತೆಗೆಸುದೇ ದೊಡ್ಡ ತಲೆಬಿಸಿ, ಮಳೆಗಾಲದಲ್ಲಿ ಟ್ಯಾಂಕರಿನವ್ರು ಫೋನೇ ಎತ್ತುದಿಲ್ಲ. ಈಗ ಒಬ್ರು ಬಂದು ನಮ್ಮ ಬ್ಯಾಕ್ಟೀರಿಯಾ ಪೌಡರ್ ಹಾಕಿ ಮುಚ್ಚಿದ ಟ್ಯಾಂಕಲ್ಲಿ ಇಡಿ, ಮೀಥೇನ್ ಬರ್ತದೆ, ಪಾರ್ಟಿ ಹಾಲಿನ ಕಿಚನ್‌ಗೆ ಸಿಲಿಂಡರೇ ಬೇಡ ಅಂತ ಹೇಳಿ ಹೋಗಿದ್ದಾರೆ. ಹೌದಾ ಎಂತ? ಊರಲ್ಲಿ ಗೋಬರ್ ಗ್ಯಾಸ್ ನೋಡಿದ್ದೇನೆ, ಅದೇನಾ ಇದು?

ಪಂಪ್‌ಹೌಸ್:
ಅದೇ, ಆದ್ರೆ ನಿಮ್ಮ ಸ್ಲಡ್ಜಲ್ಲಿ ಸತ್ವ ಕಮ್ಮಿ ಮಾರ್ರೆ. ಬ್ಲೋವರ್ ಗಾಳಿ ಕೊಟ್ಟು ಕೊಟ್ಟು ಸೂಕ್ಷ್ಮಜೀವಿಗಳು ತಿನ್ಲಿಕ್ಕಿರುದನ್ನೆಲ್ಲ ಆಗ್ಲೇ ತಿಂದಾಗಿದೆ, ಉಳಿದದ್ದು ಹೆಚ್ಚಾಗಿ ಅವುಗಳದ್ದೇ ಮೈ, ಆ ಜೀವಕೋಶದ ಗೋಡೆ ಬೇಗ ಒಡೆಯುದಿಲ್ಲ. ಅದಕ್ಕೇ ಕೆಲವು ದೊಡ್ಡ ಪ್ಲಾಂಟಲ್ಲಿ ಪ್ರೆಶರಲ್ಲಿ 160-170 ಡಿಗ್ರಿಗೆ ಬೇಯಿಸಿ ಮತ್ತೆ ಡೈಜೆಸ್ಟರಿಗೆ, ಅಂದ್ರೆ ಗ್ಯಾಸ್ ಆಗುವ ಮುಚ್ಚಿದ ಟ್ಯಾಂಕಿಗೆ, ಬಿಡುದು. ಅಂದಾಜು ಲೆಕ್ಕ ಹೇಳ್ತೇನೆ: 320 ಜನ, ದಿನಕ್ಕೆ ಒಣ ತೂಕದಲ್ಲಿ ಹತ್ತು ಕೆಜಿ ಸ್ಲಡ್ಜ್, ಅದ್ರಲ್ಲಿ ಕರಗಿ ಗ್ಯಾಸಾಗುದು ಎರಡು ಎರಡೂವರೆ ಕೆಜಿ. ಹೆಚ್ಚಂದ್ರೆ ಎರಡು ಕ್ಯೂಬಿಕ್ ಮೀಟರ್ ಗ್ಯಾಸ್, ಒಂದು ಕೆಜಿ ಎಲ್‌ಪಿಜಿಗೆ ಸಮ. 14.2 ಕೆಜಿ ಸಿಲಿಂಡರ್ ಒಂದು, ಎರಡು ವಾರಕ್ಕೆ.

ಸುರತ್ಕಲ್_ಲ್ಯಾಬ್:
ಪೌಡರಿಗೆ ದುಡ್ಡು ಹಾಕ್ಬೇಡಿ. ಮೀಥೇನ್ ಮಾಡುದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಆರ್ಕಿಯಾ ಅಂತ ಬೇರೆಯೇ ಜಾತಿ, ಸೆಗಣಿಯಲ್ಲಿ ಧಾರಾಳ ಉಂಟು. ಬ್ಯಾಕ್ಟೀರಿಯಾ ಮೊದ್ಲು ಕೊಳೆಸಿ ಆಸಿಡ್ ಮಾಡ್ತವೆ, ಅದು ಅಸಿಟಿಕ್ ಆಸಿಡ್, ಹೈಡ್ರೋಜನ್ ಆದ್ಮೇಲೆ ಇವುಗಳ ಸರದಿ. ಇವು ಬೆಳೆಯುದು ನಿಧಾನ, ಗಾಳಿ ತಾಗಿದ್ರೆ ಆಗುದಿಲ್ಲ, ಪಿಎಚ್ 7ರ ಹತ್ರವೇ ಬೇಕು. ಆತುರ ಮಾಡಿ ಜಾಸ್ತಿ ತುಂಬಿಸಿದ್ರೆ ಟ್ಯಾಂಕ್ ಹುಳಿಯಾಗಿ ಗ್ಯಾಸ್ ನಿಲ್ತದೆ. 35 ಡಿಗ್ರಿ ಒಳ್ಳೇದು, ನಮ್ಮ ಸೆಕೆಯಲ್ಲಿ ಹೀಟರ್ ಇಲ್ಲದೆಯೂ ನಡೀತದೆ, ಒಂದು ತಿಂಗಳಾದ್ರೂ ಒಳಗೆ ಇರ್ಬೇಕು ಅಷ್ಟೆ. ಗ್ಯಾಸ್ ಬೇಕಿದ್ರೆ ಅಡಿಗೆ ವೇಸ್ಟ್ ಸೇರಿಸಿ, 80 ಕೆಜಿ ಸಿಕ್ಕಿದ್ರೆ ಏಳೆಂಟು ಕ್ಯೂಬಿಕ್ ಮೀಟರ್ ಬಂದೀತು.

ಬಿಜೈಯವ:
ಮೀನಿನ ವೇಸ್ಟ್? ಇಲ್ಲಿ ಅದೇ ಜಾಸ್ತಿ.

ಸುರತ್ಕಲ್_ಲ್ಯಾಬ್:
ಸ್ವಲ್ಪ ಹಾಕ್ಬಹುದು. ಬಂಗುಡೆ ತಲೆಯೇ ಬಕೆಟ್‌ಗಟ್ಟಲೆ ಬಿದ್ರೆ ಅಮೋನಿಯಾ ಏರಿ ಆರ್ಕಿಯಾಕ್ಕೆ ಕಷ್ಟ. ಹೈಡ್ರೋಜನ್ ಸಲ್ಫೈಡ್ ಅಂತ ವಿಷದ ಗ್ಯಾಸ್ ಕೂಡ ಬರ್ತದೆ, ಸ್ಟವ್‌ಗೆ ಹೋಗುವ ಪೈಪಲ್ಲಿ ಕಬ್ಬಿಣದ ಚೂರಿನ ಫಿಲ್ಟರ್ ಬೇಕೇ ಬೇಕು. ಯಾರನ್ನೂ ಟ್ಯಾಂಕಿಗೆ ಇಳಿಸ್ಬೇಡಿ, ಆ ಗ್ಯಾಸ್ ಜಾಸ್ತಿಯಾದ್ರೆ ವಾಸನೆಯೂ ಗೊತ್ತಾಗುದಿಲ್ಲ.

ಪಂಪ್‌ಹೌಸ್:
ಮತ್ತೆ ಡೈಜೆಸ್ಟರಿಂದ ಹೊರಬರುವ ರಾಡಿ ಹಾಗೇ ಇರ್ತದೆ, ಟ್ಯಾಂಕರ್ ಚಿಂತೆ ಪೂರ್ತಿ ಹೋಗುದಿಲ್ಲ. ಒಣಗಿಸುವ ಬೆಡ್‌ಗೂ ಜಾಗ ನೋಡಿ, ಮಳೆಗೆ ಶೀಟ್ ಹಾಕಿ.

ಬಿಜೈಯವ:
ಜಾಗ ಇರುದು ಜನರೇಟರ್ ಪಕ್ಕ ಮಾತ್ರ.

ಪಂಪ್‌ಹೌಸ್:
ಅಲ್ಲಿ ಬೇಡವೇ ಬೇಡ ಮಾರಾಯ್ರೆ.