14 ತಿಂಗಳಾಯ್ತು, ಇನ್ನೂ ನಡೀತಿಲ್ಲ, ಯಾರ ಹತ್ತಿರವೂ ಹೋಗಲ್ಲ

ಕೇಳಿದವರು: ಮಗಳಿಗೆ 14 ತಿಂಗಳು. ಸೋಫಾ ಹಿಡಿದು ನಿಲ್ಲುತ್ತಾಳೆ, ಕೈ ಬಿಟ್ಟರೆ ಕೂತುಬಿಡುತ್ತಾಳೆ. ನಾದಿನಿಯ ಮಗ 10ನೇ ತಿಂಗಳಿಗೇ ನಡೆದಿದ್ದ. ಅದೂ ಸಾಲದು ಅಂತ, ಹೊಸಬರು ಬಂದರೆ ನನ್ನ ಕತ್ತಿಗೆ ಜೋತುಬಿದ್ದು ಅಳುತ್ತಾಳೆ. ‘ನೀನು ಜಾಸ್ತಿ ಎತ್ತಿಕೊಂಡಿದ್ದಕ್ಕೇ ಹೀಗೆ’ ಅನ್ನುತ್ತಾರೆ. ನಿಮ್ಮ ಮಕ್ಕಳು ಹೇಗಿದ್ದರು?

ಅವಳಿ ಮಕ್ಕಳ ತಾಯಿ: ಒಂದೇ ದಿನ ಹುಟ್ಟಿದವರು, ಒಂದೇ ಊಟ, ಒಬ್ಬಳೇ ಅಮ್ಮ. ದೊಡ್ಡವನು (ಏಳು ನಿಮಿಷಕ್ಕೆ ದೊಡ್ಡವನು!) 11ಕ್ಕೆ ನಡೆದ. ಚಿಕ್ಕವಳು 16 ದಾಟಿಸಿದಳು. ಅಂಬೆಗಾಲೂ ಇಡಲಿಲ್ಲ. ಕೂತಲ್ಲಿಂದಲೇ ಕುಂಡೆ ತಳ್ಳಿಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು, ಚಡ್ಡಿಗಳೆಲ್ಲ ಅದೇ ಜಾಗದಲ್ಲಿ ತೂತು.

ಆಗ ಡಾಕ್ಟರ್ ಹೇಳಿದ್ದು ಇದು: ಹತೋಟಿ ತಲೆಯಿಂದ ಕೆಳಗಿಳಿಯುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು, ಕೊನೆಗೆ ಕಾಲು. ನಡುವಿನಿಂದ ಹೊರಕ್ಕೂ ಹಾಗೇ. ಮೊದಲು ತೋಳು ಬೀಸುತ್ತಾರೆ, ಆಮೇಲೆ ಇಡೀ ಅಂಗೈಯಿಂದ ಬಾಚುತ್ತಾರೆ, 9-10 ತಿಂಗಳ ಹೊತ್ತಿಗೆ ಎರಡೇ ಬೆರಳಲ್ಲಿ ಹೆಕ್ಕುತ್ತಾರೆ. ಈ ಸಾಲು ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಒಂದೇ, ವೇಗ ಮಾತ್ರ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದಲ್ಲಿ ಆಸರೆಯಿಲ್ಲದೆ ನಡೆಯುವುದಕ್ಕೆ ಸುಮಾರು 8ರಿಂದ 18 ತಿಂಗಳವರೆಗೆ ಜಾಗವಿದೆ. ಅಂಬೆಗಾಲಿಡದೆ ನೇರ ಮುಂದೆ ಹೋದ ಮಕ್ಕಳೂ 100ಕ್ಕೆ ನಾಲ್ಕು ಇದ್ದರಂತೆ.

ಇನ್ನೊಂದು. ನೆಲದ ಮೇಲಿನ ಕೂದಲೆಳೆ ಹೆಕ್ಕುವುದರಲ್ಲಿ ನನ್ನ ಮಗಳು ಅಣ್ಣನಿಗಿಂತ ಮುಂದಿದ್ದಳು. ನಮ್ಮ ಕಣ್ಣಿಗೆ ಅವಳ ಕಾಲಷ್ಟೇ ಕಾಣುತ್ತಿತ್ತು, ನೋಡಿ.

ಇಬ್ಬರು ಮಕ್ಕಳ ಅಪ್ಪ: ಯಾರಾದರೂ ವಾಕರ್ ತನ್ನಿ ಅಂದರೆ ಕೇಳಬೇಡಿ. ನಾವು ತಂದೆವು, ಮಗು ಸೀದಾ ಮೆಟ್ಟಿಲ ಅಂಚಿಗೆ ಹೋಗಿತ್ತು. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ.

ಶಿಶುವಿಹಾರದ ಟೀಚರ್: ಅಳುವ ವಿಷಯ ನಾನು ಹೇಳುತ್ತೇನೆ. ಎಂಟು-ಒಂಬತ್ತು ತಿಂಗಳಿಗೆ ಹೊಸ ಮುಖದ ಭಯ ಶುರುವಾಗುವುದು ಸಹಜ. ‘ಇವರು ನಮ್ಮವರು, ಇವರಲ್ಲ’ ಅನ್ನುವ ಗುರುತು ಸಿಕ್ಕಿದೆ ಅಂತ ಅರ್ಥ. ಅದರ ಮೇಲೆ ಹುಟ್ಟಿನಿಂದಲೇ ಬಂದ ಸ್ವಭಾವ ಬೇರೆ. ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ದಂಪತಿ 1956ರಿಂದ ನ್ಯೂಯಾರ್ಕಿನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. 100ಕ್ಕೆ ಸುಮಾರು 15 ಮಕ್ಕಳು ನಿಧಾನವಾಗಿ ಹೊಂದಿಕೊಳ್ಳುವವರು ಅಂತ ಕಂಡರು. ತೊಂದರೆ ಆಗುವುದು ಸ್ವಭಾವದಿಂದ ಅಲ್ಲ, ಮನೆಯವರ ನಿರೀಕ್ಷೆ ಅದಕ್ಕೆ ಹೊಂದದಿದ್ದಾಗ ಅಂತಲೂ ಹೇಳಿದರು.

ನಮ್ಮಲ್ಲೊಬ್ಬ ಮೂರು ವಾರ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಬ್ಯಾಗ್ ತಬ್ಬಿಕೊಂಡೇ ನಿಂತಿದ್ದ. ಎಳೆಯಲಿಲ್ಲ, ರಮಿಸಲೂ ಇಲ್ಲ. ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು, ಅವನ ಕಡೆ ನೋಡದೆ, ಸುಮ್ನೆ ಮರದ ತುಂಡು ಜೋಡಿಸುತ್ತಿದ್ದೆ. ನಾಲ್ಕನೇ ವಾರ ಒಂದು ನೀಲಿ ತುಂಡನ್ನು ಕಾಲಲ್ಲೇ ನನ್ನ ಕಡೆ ತಳ್ಳಿದ. ಈಗ ಅವನ ಬಾಯಿ ಮುಚ್ಚಿಸುವುದೇ ಕೆಲಸ!

ಎತ್ತಿಕೊಂಡರೆ ಮಗು ಕೆಡುತ್ತದೆ ಅನ್ನುವುದನ್ನು ನಾನಂತೂ ಒಪ್ಪಲ್ಲ. ಹಿಂದೆ ಅಮ್ಮ ಇದ್ದಾಳೆ ಅಂತ ಗೊತ್ತಿದ್ದ ಮಗುವೇ ಧೈರ್ಯವಾಗಿ ಮುಂದೆ ಹೋಗುವುದು.

ಇನ್ನೊಬ್ಬ ತಾಯಿ: ಎಲ್ಲರೂ ಸಮಾಧಾನವನ್ನೇ ಹೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಮಗೂ ‘ನಿಧಾನ ಅಷ್ಟೇ’ ಅಂದರು. ಕಾದೆವು. 20 ತಿಂಗಳಿಗೆ ತೋರಿಸಿದಾಗ ಫಿಸಿಯೊಥೆರಪಿ ಬೇಕು ಅಂದರು. ಎರಡು ತಿಂಗಳು ಮೊದಲೇ ಹೋಗಬಹುದಿತ್ತು ಅಂತ ಈಗಲೂ ಅನಿಸುತ್ತದೆ. 18 ತಿಂಗಳಿಗೂ ನಡೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಒಂದೇ ಕಡೆಯ ಕೈಕಾಲು ಬಳಸುತ್ತಿದ್ದರೆ, ಕಲಿತದ್ದನ್ನು ಬಿಟ್ಟುಬಿಟ್ಟರೆ, ಅಷ್ಟು ದಿನವೂ ಕಾಯಬೇಡಿ.

ಕೇಳಿದವರು: ಇವತ್ತು ಕೂತು ಗಮನಿಸಿದೆ. ಎರಡೂ ಕಾಲು ಒಂದೇ ಸಮ ಊರುತ್ತಾಳೆ, ಸೋಫಾ ಹಿಡಿದು ಅಡ್ಡಡ್ಡ ನಾಲ್ಕು ಹೆಜ್ಜೆ ಇಟ್ಟಳು. ಮುಂದಿನ ಲಸಿಕೆಗೆ ಹೋದಾಗ ಡಾಕ್ಟರನ್ನೂ ಕೇಳುತ್ತೇನೆ. ನಾದಿನಿಗೆ ಏನು ಹೇಳಲಿ?

ಅವಳಿ ಮಕ್ಕಳ ತಾಯಿ: ಏನೂ ಹೇಳಬೇಡಿ. ಮುಂದಿನ ಸಲ ಬಂದಾಗ ಮಗುವನ್ನು ಕೈಯಿಂದ ಕಿತ್ತುಕೊಳ್ಳದೆ, ಸ್ವಲ್ಪ ದೂರದಲ್ಲಿ ಕೂತಿರಲು ಹೇಳಿ, ಸಾಕು.