ತಮ್ಮ ಅಗ್ನಿವೀರ್ ಆಗಿ ಹೊರಟಿದ್ದಾನೆ, ಟ್ರೈನಿಂಗ್ ಹೇಗಿರುತ್ತದೆ?

ಕಾಪು ಅಕ್ಕ:
ತಮ್ಮನಿಗೆ ಕಾಲ್ ಲೆಟರ್ ಬಂದಿದೆ, ಬೆಂಗಳೂರಿನ ಎಂಇಜಿ ಸೆಂಟರ್. ನಮ್ಮ ಕಡೆ ಎಲ್ಲ ಮುಂಬೈ, ಗಲ್ಫ್ ಅಂತ ಹೋದವರೇ, ಮಿಲಿಟರಿಗೆ ಹೋದವರು ಯಾರೂ ಇಲ್ಲ. ಹಾಗಾಗಿ ಕೇಳುವುದು ಯಾರಲ್ಲಿ ಅಂತ ಗೊತ್ತಾಗುತ್ತಿಲ್ಲ. ಓಟದಲ್ಲಿ ಅವನು ಚುರುಕು, ಅಜ್ಜರಕಾಡು ಸ್ಟೇಡಿಯಂನಲ್ಲಿ ಪ್ರಾಕ್ಟೀಸ್ ಮಾಡಿದವನು. ಆದರೆ ಹಿಂದಿ ಬರುವುದಿಲ್ಲ, ಮನೆ ಬಿಟ್ಟು ಇದ್ದವನೂ ಅಲ್ಲ. ಅಮ್ಮನಿಗೆ ಊಟದ್ದೇ ಚಿಂತೆ. ದಿನ ಹೇಗಿರುತ್ತದೆ, ಫೋನ್ ಕೊಡುತ್ತಾರಾ, ಈಗ ಎಂತ ತಯಾರಿ ಮಾಡಿಸಬೇಕು?

ಕಾರ್ಕಳ ಹವಾಲ್ದಾರ್ (ನಿವೃತ್ತ):
ಮೊದಲು ಅಭಿನಂದನೆ. ಎಂಇಜಿ ಅಂದರೆ ಮದ್ರಾಸ್ ಸ್ಯಾಪರ್ಸ್, ಸೈನ್ಯದ ಇಂಜಿನಿಯರ್ ಪಡೆ, ಹಲಸೂರು ಕೆರೆ ಹತ್ತಿರ ಇದೆ, 1780ರಿಂದ ಇರುವಂಥದ್ದು.

ಬೆಳಗ್ಗೆ ಐದರೊಳಗೆ ಏಳಬೇಕು. ಗಡ್ಡ ಬೋಳಿಸಿ, ಚಹಾ ಕುಡಿದು ಪಿಟಿಗೆ ಫಾಲ್ ಇನ್, ಅಂದರೆ ಸಾಲಾಗಿ ನಿಲ್ಲಬೇಕು. ತಿಂಡಿ ಆದ ಮೇಲೆ ಡ್ರಿಲ್, ರೈಫಲ್ ಬಿಚ್ಚಿ ಜೋಡಿಸುವುದು, ಮ್ಯಾಪ್ ಓದುವುದು. ಸಂಜೆ ಆಟ, ರಾತ್ರಿ ಹಾಜರಿ. ಒಬ್ಬ ತಡ ಮಾಡಿದರೆ ಇಡೀ ಸ್ಕ್ವಾಡ್‌ಗೆ ರಗಡಾ, ಅಂದರೆ ಮೈ ದಂಡಿಸುವ ಶಿಕ್ಷೆ ಬೀಳುತ್ತದೆ. ಶುರುವಿನಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ರೇಗುತ್ತಾರೆ, ಆಮೇಲೆ ತಾವೇ ಒಬ್ಬರನ್ನೊಬ್ಬರು ಎಬ್ಬಿಸಿ ಹೊರಡಿಸುತ್ತಾರೆ.

ನಾನು ಒತ್ತಿ ಹೇಳುವುದು ಕಾಲಿನ ವಿಷಯ. ಭರ್ತಿ ರ‍್ಯಾಲಿಯಲ್ಲಿ ಓಡಿದ್ದು 1.6 ಕಿಲೋಮೀಟರ್, ಅದೂ ಭಾರ ಏನೂ ಹೊರದೆ. ಅಲ್ಲಿ ಬಿಪಿಇಟಿ ಅಂತ ದೈಹಿಕ ಪರೀಕ್ಷೆ ಇರುತ್ತದೆ, ರೈಫಲ್ ಹಿಡಿದು ಬೆನ್ನಿಗೆ ಸಾಮಾನು ಹೊತ್ತು 5 ಕಿಲೋಮೀಟರ್ ಓಡಬೇಕು, ಜೊತೆಗೆ ಹಗ್ಗ ಹತ್ತುವುದು, 9 ಅಡಿ ಹಳ್ಳ ಹಾರುವುದು. ಬೂಟು ಹೊಸದು, ಭಾರ ಹೊಸದು, ಮೊಣಕಾಲಿನ ಕೆಳಗಿನ ಎಲುಬು ನೋಯಲು ಶುರುವಾಗುತ್ತದೆ. ಸುಮ್ನೆ ಬಿಟ್ಟರೆ ಸಣ್ಣ ಬಿರುಕು ಬಿಡುತ್ತದೆ, ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ. ಹುಡುಗರು ಇದನ್ನು ಮುಚ್ಚಿಡುತ್ತಾರೆ. ಯಾಕೆಂದರೆ ಆಸ್ಪತ್ರೆ ಸೇರಿ ಟ್ರೈನಿಂಗ್ ತಪ್ಪಿದರೆ ರೆಲಿಗೇಟ್ ಮಾಡಿ ಕಿರಿಯ ಬ್ಯಾಚಿಗೆ ಹಾಕುತ್ತಾರೆ, ಜೊತೆಗಾರರು ಮುಂದೆ ಹೋಗಿಬಿಡುತ್ತಾರೆ ಅನ್ನುವ ಹೆದರಿಕೆ. ನೋವು ಬಂದ ದಿನವೇ ಟ್ರೈನಿಂಗ್ ಕೊಡುವ ಉಸ್ತಾದ್‌ಗೆ ಹೇಳಲಿ. ಸ್ವಲ್ಪ ತಡವಾಗಿ ಪಾಸಾದರೂ ಅವನು ಸೈನಿಕನೇ, ಕಾಲು ಹಾಳಾದರೆ ಎಲ್ಲ ಹೋಯಿತು.

ಪುತ್ತೂರಿನ ಹುಡುಗ:
ನಾನು ಅಗ್ನಿವೀರ್, ಈಗ ರಜೆಯಲ್ಲಿ ಊರಲ್ಲಿದ್ದೇನೆ. ಹಿಂದಿಗೆ ಹೆದರಬೇಡಿ ಅಕ್ಕ. ಎಂಇಜಿಯಲ್ಲಿ ತಮಿಳು, ಮಲಯಾಳ, ತೆಲುಗು, ಕನ್ನಡದ ಹುಡುಗರೇ ಜಾಸ್ತಿ, ಎಲ್ಲರೂ ಒಟ್ಟಿಗೇ ತಡವರಿಸುತ್ತಾರೆ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ಡ್ರಿಲ್‌ನ ಈ ಆರ್ಡರ್ ಇಷ್ಟು ಈಗಲೇ ಕಲಿಸಿ, ಸಾಕು. ಅಲ್ಲಿನ ಊಟದ ಮನೆ ಲಂಗರ್‌ನಲ್ಲಿ ಹೊಟ್ಟೆ ತುಂಬಾ ಕೊಡುತ್ತಾರೆ. ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು ನೆನಪಾಗುತ್ತದೆ, ಅದಕ್ಕೆ ಏನೂ ಮಾಡಲಿಕ್ಕೆ ಆಗುವುದಿಲ್ಲ. ಫೋನ್ ಜಮಾ ಮಾಡಿಸಿಕೊಳ್ಳುತ್ತಾರೆ, ನಮ್ಮ ಸೆಂಟರಲ್ಲಿ ಭಾನುವಾರ ಕೊಡುತ್ತಿದ್ದರು. ವಾರವಿಡೀ ಫೋನ್ ಬರದಿದ್ದರೆ ಅಮ್ಮ ಗಾಬರಿ ಆಗುವುದು ಬೇಡ. ಓಡಲು ಮಲ್ಪೆ ಬೀಚಿಗೆ ಕರೆದುಕೊಂಡು ಹೋಗಿ, ಮರಳಲ್ಲಿ ದಮ್ಮು ಬರುತ್ತದೆ.

ಸಂಬಳದ್ದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ನಿಧಿಗೆ ಹೋಗಿ ಕೈಗೆ 21,000 ಬರುತ್ತದೆ. ಸರ್ಕಾರವೂ ಅಷ್ಟೇ ಹಾಕುತ್ತದೆ, 4 ವರ್ಷಕ್ಕೆ ಬಡ್ಡಿ ಬಿಟ್ಟು ಸುಮಾರು 10 ಲಕ್ಷ. 4 ವರ್ಷ ಆದ ಮೇಲೆ ಸೈನ್ಯದಲ್ಲಿ ಉಳಿಸಿಕೊಳ್ಳುವುದು 25 ಶೇಕಡಾದವರೆಗೆ ಮಾತ್ರ. ಅದಕ್ಕೇ ಟ್ರೈನಿಂಗಿನಲ್ಲೂ ಎಲ್ಲರಿಗೂ ಒಳಗೊಳಗೆ ಒತ್ತಡ ಇರುತ್ತದೆ, ಹವಾಲ್ದಾರ್ ಸರ್ ಹೇಳಿದ ನೋವು ಮುಚ್ಚಿಡುವುದೂ ಇದರಿಂದ ಜಾಸ್ತಿ ಆಗಿದೆ ಅಂತ ನನಗೆ ಅನಿಸುತ್ತದೆ.

ಕಾರ್ಕಳ ಹವಾಲ್ದಾರ್:
ಮರಳು ಬೇಡ ಮಾರಾಯ್ರೆ, ಹೊರಡುವ ಹೊತ್ತಲ್ಲಿ ಪಾದ ಉಳುಕಿದರೆ ಕಷ್ಟ. ಗಟ್ಟಿ ನೆಲದಲ್ಲಿ ಒಳ್ಳೆ ಶೂ ಹಾಕಿ ನಿಧಾನಕ್ಕೆ ದೂರ ಓಡಲಿ.

ಮೂಡುಬಿದಿರೆ ಅಮ್ಮ:
ನನ್ನ ಮಗನೂ ಹೀಗೇ ಹೋದವನು. ಮೊದಮೊದಲು ಫೋನಲ್ಲಿ ಮಾತೇ ಆಡುತ್ತಿರಲಿಲ್ಲ, ಹೂಂ ಅಂತ ಅಷ್ಟೇ. ನಾನು ಅತ್ತರೆ ಅವನಿಗೂ ಅಳು ಬರುತ್ತಿತ್ತು. ಆಮೇಲೆ ಮನೆಯ ಸಣ್ಣಪುಟ್ಟ ಸುದ್ದಿ ಹೇಳಲು ಶುರು ಮಾಡಿದೆ, ದನ ಕರು ಹಾಕಿದ್ದು, ಕೋಲ ಆದದ್ದು. ಆಗ ಅವನೂ ಮಾತಾಡಿದ. ಟ್ರೈನಿಂಗ್ ಮುಗಿದು ಪ್ರಮಾಣ ಮಾಡುವ ಕಸಮ್ ಪರೇಡ್‌ಗೆ ಮನೆಯವರನ್ನು ಕರೆಯುತ್ತಾರೆ, ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ.

ಕಾಪು ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಲಿನ ವಿಷಯ ಇವತ್ತೇ ಅವನನ್ನು ಕೂರಿಸಿ ಹೇಳುತ್ತೇನೆ. ಅಮ್ಮ ಚಟ್ನಿಪುಡಿ ಕಳಿಸಬಹುದಾ ಅಂತ ಕೇಳುತ್ತಿದ್ದಾರೆ.

ಪುತ್ತೂರಿನ ಹುಡುಗ:
ಕಳಿಸಿ, ಆದರೆ ಜಾಸ್ತಿ ಕಳಿಸಿ. ಬ್ಯಾರಕ್‌ನಲ್ಲಿ ಎಲ್ಲರೂ ತಿನ್ನುತ್ತಾರೆ.