ಸಹಾಯ ಬೇಕು: ಏಳು ಮಂದಿಗೆ ಮೂರು ಸಾಲಿನ ಕಾರು

ಶಿರಸಿಯವರು ನಾವು. ಮಕ್ಕಳಿಗೆ ಏಳು, ನಾಲ್ಕು, ಒಂದೂವರೆ ವರ್ಷ. ಜೊತೆಗೆ ನಾವಿಬ್ಬರು, ನನ್ನ ಅಪ್ಪ, ಅಮ್ಮ. ವೋಲ್ವೊ ಎಕ್ಸ್‌ಸಿ90 ಮತ್ತು ಬಿಎಂಡಬ್ಲ್ಯು ಎಕ್ಸ್7 ನಡುವೆ ಮನಸ್ಸು ಓಲಾಡುತ್ತಿದೆ. ಮೊದಲನೆಯದರ ಉದ್ದ ಸುಮಾರು 4.95 ಮೀಟರ್, ಎರಡನೆಯದರದ್ದು 5.18. ಹೆಚ್ಚೆಂದರೆ ಒಂದು ಗೇಣು. ಆದರೆ ದೇವಿಮನೆ ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಗೇಣೂ ದೊಡ್ಡದೇ.

ನೋಡಲು ಹೋದಲ್ಲಿ ಚರ್ಮದ ಹೊದಿಕೆ, ಸಂಗೀತ ಎಲ್ಲವನ್ನೂ ಬಣ್ಣಿಸಿದರು. ಮನೆಯಿಂದ ಒಯ್ದಿದ್ದ ಮಗುವಿನ ಸೀಟನ್ನು ನಾನು ಮಧ್ಯದ ಸಾಲಿನ ಐಸೋಫಿಕ್ಸ್ ಕೊಂಡಿಗೆ (ಮಕ್ಕಳ ಸೀಟು ಬಿಗಿಯಲೆಂದೇ ಕಾರಿನಲ್ಲಿರುವ ಕೊಂಡಿ) ಸಿಕ್ಕಿಸಿದೆ. ಅದು ಕುಳಿತ ಮೇಲೆ ಆ ಬದಿಯಿಂದ ಹಿಂದಿನ ಸಾಲಿಗೆ ದಾರಿಯೇ ಇಲ್ಲ! ಇನ್ನೊಂದು ಬದಿಯಿಂದ ಅಮ್ಮ ನುಸುಳಿದರು. ಮೊಣಕಾಲು ಗದ್ದಕ್ಕೆ ಬಂತು. ಮೂರೂ ಸಾಲು ತೆರೆದಿಟ್ಟರೆ ಡಿಕ್ಕಿಯಲ್ಲಿ ಮಡಚುವ ತಳ್ಳುಗಾಡಿ ಹಿಡಿಯುವುದೂ ಅನುಮಾನ.

ಇಂಥ ಕಾರು ಇಟ್ಟುಕೊಂಡವರು ಹೇಳಿ: ಹಿಂಬದಿಗೆ ಯಾರನ್ನು ಕೂರಿಸುತ್ತೀರಿ? ಕುಮಟಾಕ್ಕೆ ಇಳಿಯುವಾಗ ಅಲ್ಲಿ ಕುಳಿತ ಮಕ್ಕಳಿಗೆ ವಾಂತಿ ಬರುತ್ತದೆಯೇ? (ನಮ್ಮ ನಡುವಿನವಳಿಗೆ ಈಗಿನ ಕಾರಿನಲ್ಲೇ ಬರುತ್ತದೆ.) ಮಳೆಗಾಲದಲ್ಲಿ ಸರ್ವಿಸ್‌ಗೆ ಎಲ್ಲಿಗೆ ಒಯ್ಯುತ್ತೀರಿ? ಒಂದು ದಿನ ಮಕ್ಕಳ ಸೀಟು ಹಾಕಿ ನೋಡಲು ಬಿಡುವವರಿದ್ದರೆ ಸಂದೇಶ ಕಳಿಸಿ, ಕಾರವಾರದವರೆಗೂ ಬರುತ್ತೇವೆ.